ಫೌಜದಾರ ಮೀನು ಮತ್ತು ನಳದ ಪಾಳಿ

"ಫಕೀರಪ್ಪಾ, ಕುರ್ಚಿ ಗಟ್ಟಿ ಹಿಡ್ಕೊಂಡು ಕುಂದರು! ಇವತ್ತ ನೀ ನೋಡೂದನ್ನ ಭೂಮಿ ಮ್ಯಾಲ ಯಾವ ಮನಷ್ಯಾನೂ ನೋಡಿಲ್ಲ!"

ಹೀಗೆಂದು ಗುಡುಗಿದವನು ನನ್ನ ಪಕ್ಕದ ಮನೆಯ ಮುರಿಗೆಪ್ಪ ಉಪ್ಪಿನ. ನಾನು ಕುರ್ಚಿಯನ್ನು ಹಿಡಿದುಕೊಳ್ಳಲಿಲ್ಲ. ಏಕೆಂದರೆ ಈ ಫಕೀರಪ್ಪ ಭೂಮಿಯ ಮೇಲೆ ನೋಡದೆ ಬಿಟ್ಟದ್ದು ಯಾವುದೂ ಇಲ್ಲ. ಮುರಿಗೆಪ್ಪನ ಹಿಂದಿನ ಯಂತ್ರಗಳನ್ನೆಲ್ಲ ನೋಡಿಯೂ ಜೀವಂತ ಉಳಿದವನು ಹುಬ್ಬಳ್ಳಿಯಲ್ಲಿ ನಾನೊಬ್ಬನೇ. ಅವನ ರೊಟ್ಟಿ ಬಡಿಯುವ ಯಂತ್ರ ಬಡಿದ ರೊಟ್ಟಿಯೊಂದು ಇಂದಿಗೂ ನಮ್ಮ ಚಾಳದ ಮಾಡಿನ ಹಂಚಿನಲ್ಲಿ ಸಿಕ್ಕಿಕೊಂಡಿದೆ. ಮಳೆಗಾಲದಲ್ಲಿ ಅಲ್ಲಿ ಮಾತ್ರ ಸೋರುವುದಿಲ್ಲ.

ಆದರೆ ಈ ಸಲ ನಮ್ಮೆದುರು ಇದ್ದದ್ದು ಸಮುದ್ರ. ಹೌದು, ಸಮುದ್ರ! ಬಯಲುಸೀಮೆಯ ನಡುವೆ, ಮುರಿಗೆಪ್ಪನ ಪಡಸಾಲೆಯಲ್ಲಿ, ಗೋಡೆಯಿಂದ ಗೋಡೆಯವರೆಗೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಕಡಲ ಕಲ್ಲು, ಶಂಖ, ಕವಡೆ, ಮತ್ತು ಬಣ್ಣಬಣ್ಣದ ಕಡಲಮೀನುಗಳು. ರೇಡಿಯೋ ರಿಪೇರಿ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದ ಮೇಲೆ ಮುರಿಗೆಪ್ಪನಿಗೆ ಹಿಡಿದ ಹುಚ್ಚು ಇದು. ಎಲ್ಲರೂ ಸಮುದ್ರ ನೋಡಲು ಕಾರವಾರಕ್ಕೆ ಹೋದರೆ, ಇವನು ಸಮುದ್ರವನ್ನೇ ಉಪ್ಪಿನ ಪೊಟ್ಟಣದಲ್ಲಿ ತಂದು ನೀರಿನಲ್ಲಿ ಕದಡಿದ!

ತಪ್ಪಾದದ್ದು ಮೀನು ಆರಿಸುವಾಗ. ಕಡಲಮೀನುಗಳನ್ನು ಅವುಗಳ ಗುಣ ನೋಡಿ ಕೂಡಿಸಬೇಕು. ಯಾವುದಕ್ಕೆ ಯಾವುದು ಹೊಂದುತ್ತದೆ, ಯಾವುದು ಜಾಗಕ್ಕಾಗಿ ಹೊಡೆದಾಡುತ್ತದೆ, ಯಾವುದನ್ನು ಮೊದಲು ಬಿಡಬೇಕು ಎಂದೆಲ್ಲ ವಿಚಾರಿಸಬೇಕು. ಮುರಿಗೆಪ್ಪ ಮದುವೆಗೆ ಸೀರೆ ಆರಿಸಿದ ಹಾಗೆ ಬರೀ ಬಣ್ಣ ನೋಡಿ ತಂದ. ಎಲ್ಲಕ್ಕಿಂತ ಮೊದಲು ನೀರಿಗೆ ಬಿಟ್ಟದ್ದು ಹೆಬ್ಬೆರಳಿನಷ್ಟು ಉದ್ದದ, ಮಿರಮಿರ ಮಿಂಚುವ ಒಂದು ನೀಲಿ ಮೀನು. ಅದು ಇಳಿದ ಗಳಿಗೆಯಲ್ಲೇ ಇಡೀ ತೊಟ್ಟಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಿತು! ಆಮೇಲೆ ಬಂದವರೆಲ್ಲ ಅದಕ್ಕೆ ಒಕ್ಕಲುಗಳು. ಯಾರಾದರೂ ಅದರ ಕಲ್ಲಿನ ಹತ್ತಿರ ಸುಳಿದರೆ ಬಾಣದಂತೆ ಬಂದು ಬಾಲ ಕಚ್ಚುತ್ತಿತ್ತು. ಪೊಲೀಸ್ ಠಾಣೆಯ ಆ ದರ್ಪ ನೋಡಿ ಅದಕ್ಕೆ ಫೌಜದಾರ ಎಂದು ಹೆಸರಿಟ್ಟವನು ನಾನೇ. ಒಮ್ಮೆ ತೊಟ್ಟಿ ಒರೆಸಲು ಕೈ ಹಾಕಿದ ಮುರಿಗೆಪ್ಪನನ್ನು ಅದು ಮೊಣಕೈವರೆಗೆ ನುಂಗಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಆದರೆ ಅವನ ಬೆರಳಿಗೆ ಪಟ್ಟಿ ಕಟ್ಟಿದವನು ನಾನು.

ಫೌಜದಾರನ ಕಾಟಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ಚಿನ್ನವ್ವ. ಮುಂದಿನ ಅರ್ಧ ಹಾಲಿನ ಬಿಳುಪು, ಹಿಂದಿನ ಅರ್ಧ ಕೆಂಡದ ಕೆಂಪು, ಬೆನ್ನ ಮೇಲೆ ಧ್ವಜದಂಥ ಒಂದು ರೆಕ್ಕೆ. ಇಷ್ಟು ಚಂದದ ಮೀನು, ಆದರೆ ಗಾಜಿನ ಮೇಲೆ ನೊಣ ಕೂತರೂ ಬಿಲಕ್ಕೆ ಓಡುವಷ್ಟು ಪುಕ್ಕಲು. ಹೆದರಿಕೆ ಹೆಚ್ಚಾದರೆ ನೀರು ಬಿಟ್ಟು ಮೇಲಕ್ಕೇ ನೆಗೆಯುವ ಜಾತಿ ಅದು. ಈ ಚಿನ್ನವ್ವ ಮುರಿಗೆಪ್ಪನ ಹೆಂಡತಿ ನೀಲಗಂಗವ್ವನ ಪ್ರಾಣ! ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ ಅದು. ಮೀನಿಗೆ ಹಾಕುವ ಸಿಗಡಿಯ ಪುಡಿಯನ್ನು ಆಕೆ ಮನೆಯಲ್ಲಿಡಲು ಬಿಡದೆ ನನ್ನ ಫ್ರಿಜ್ಜಿನಲ್ಲಿ ಇಡಿಸಿದ್ದಾಳೆ. ಅಂಥವಳು ದಿನಾ ಮುಂಜಾನೆ ಮೂಗಿಗೆ ಸೆರಗು ಹಿಡಿದುಕೊಂಡು ಅದೇ ಪುಡಿಯನ್ನು ಚಿನ್ನವ್ವನ ಬಿಲದ ಬಾಯಿಗೆ ಉದುರಿಸುತ್ತಿದ್ದಳು.

ಯಂತ್ರದ ದಿನವೂ ಆಕೆ ಸೊಂಟಕ್ಕೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಮತ್ತ ಹೇಳಾಕತ್ತೇನಿ, ಕೇಳ್ರಿ. ಮ್ಯಾಲಿಂದ ಮ್ಯಾಲ ಎರಡು ಮೀನ ಸತ್ತು. ಮನಿಯೊಳಗ ಕೊಲೆ ನೋಡ್ಕೋತ ಕುಂದರಾಕ ನನಗ ಆಗಂಗಿಲ್ಲ. ನನ್ನ ಚಿನ್ನವ್ವಗ ಏನರ ಆತು ಅಂದ್ರ, ಅವತ್ತ ಈ ತೊಟ್ಟಿ ಹೊರಗ, ನಾ ಒಳಗ. ಇಲ್ಲಾಂದ್ರ ತೊಟ್ಟಿ ಒಳಗ, ನಾ ಹೊರಗ!"

"ಏ, ಆ ಪ್ರಶ್ನಿನ ಬರೂದಿಲ್ಲ!" ಎಂದ ಮುರಿಗೆಪ್ಪ. "ಅದಕ್ಕ ಮಾಡೇನಿ ಇದನ್ನ. ಇದರ ಹೆಸರು ಸಮಾಧಾನಿ!"

ತೊಟ್ಟಿಯ ನೆತ್ತಿಯ ಮೇಲೆ ಕೂತಿದ್ದ ಸಮಾಧಾನಿಯನ್ನು ನೋಡಿದರೆ ಯಾರಿಗೂ ಸಮಾಧಾನವಾಗುವಂತಿರಲಿಲ್ಲ. ಹಳೇ ರೇಡಿಯೋದ ಹೊಟ್ಟೆ, ಅದರ ಮುಳ್ಳಿನ ಸುತ್ತ ಒಂದೊಂದು ಮೀನಿನ ಚಿತ್ರ, ಮಿಕ್ಸರಿನ ತಲೆ, ನೀರಿನೊಳಗೆ ಇಳಿಬಿಟ್ಟ ಇಡ್ಲಿ ತಟ್ಟೆ.

"ನನ್ನ ಇಡ್ಲಿ ತಟ್ಟಿ!" ಎಂದು ನೀಲಗಂಗವ್ವ ಚೀರಿದಳು.

"ಅದು ಈಗ ಆಂಟೆನಾ!" ಎಂದು ಮುರಿಗೆಪ್ಪ ಮುಂದುವರಿಸಿದ. "ನೋಡ ಫಕೀರಪ್ಪಾ, ಸಿಟ್ಟು, ಹೆದರಿಕಿ, ಸಮಾಧಾನ ಎಲ್ಲಾ ತರಂಗ. ರೇಡಿಯೋ ಸ್ಟೇಷನ್ ಇದ್ದಂಗ. ಒಂದು ಜೀವದ ಗುಣಾನ ಈ ಯಂತ್ರ ಹೀರ್ತೈತಿ, ಉಳಿದ ಎಲ್ಲಾ ಜೀವಕ್ಕ ಹಂಚತೈತಿ. ಯಾರ ಗುಣ ಬೇಕೋ ಅವರ ಚಿತ್ರದ ಮ್ಯಾಲ ಮುಳ್ಳು ತಿರುಗಿಸೂದು, ಅಷ್ಟ!"

"ಯಾರ ಗುಣ ಹಂಚ್ತಿ? ನಿನ್ನದರ ಹಂಚಬ್ಯಾಡ. ಮೀನೆಲ್ಲಾ ರಿಪೇರಿ ಅಂಗಡಿ ತಗೀತಾವ," ಎಂದೆ ನಾನು.

"ಕ್ಲೀನರ್‌ನ ಗುಣ!"

ಕ್ಲೀನರ್ ಎಂದರೆ ಕಪ್ಪು ಪಟ್ಟೆಯ ಒಂದು ಸಣಕಲು ಮೀನು. ಲಾರಿಗೆ ಕ್ಲೀನರ್ ಇರುವ ಹಾಗೆ ಇದು ಮೀನುಗಳಿಗೆ. ಬೇರೆ ಮೀನುಗಳ ಮೈಗೆ ಅಂಟಿದ ಹುಳ, ಸತ್ತ ಚರ್ಮ ಕಿತ್ತು ತಿಂದು ಚೊಕ್ಕಟ ಮಾಡುವುದು ಇದರ ಕಸುಬು. ಕಡಲಿನಲ್ಲಿ ದೊಡ್ಡ ದೊಡ್ಡ ಮೀನುಗಳೂ ಇದರ ಮುಂದೆ ಬಾಯಿ ತೆರೆದು ನಿಲ್ಲುತ್ತವಂತೆ. ನಮ್ಮ ತೊಟ್ಟಿಯಲ್ಲಿ ಮಾತ್ರ ಫೌಜದಾರನ ಭಯಕ್ಕೆ ಈ ಕ್ಲೀನರ್ ಮೂಲೆ ಹಿಡಿದು ಕೂತಿತ್ತು.

ಮುರಿಗೆಪ್ಪ ಮುಳ್ಳು ತಿರುಗಿಸಿದ. ಮಿಕ್ಸರ್ ಗುರ್ರೆಂದಿತು. ಇಡ್ಲಿ ತಟ್ಟೆಯ ಕುಳಿಗಳಿಂದ ತಿಳಿ ಹಸಿರು ಬೆಳಕು ನೀರಿನಲ್ಲಿ ಹರಡಿತು.

ಆಮೇಲೆ ನಡೆದದ್ದನ್ನು ಹೇಳುವಾಗ ನಾನು ಒಂದಕ್ಕೆರಡು ಸೇರಿಸುವುದಿಲ್ಲ. ಸೇರಿಸಬೇಕಾದ ಅಗತ್ಯವೇ ಇಲ್ಲ! ಚಿನ್ನವ್ವನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಫೌಜದಾರ ನಡುನೀರಿನಲ್ಲಿ ಗಕ್ಕನೆ ನಿಂತ. ಕಲ್ಲಿನ ಸಂದಿಯಿಂದ ಕ್ಲೀನರ್ ಮೆಲ್ಲಗೆ ಈಚೆ ಬಂದು ಮೈ ಕುಲುಕಿಸಿತು. ಒಂದೊಂದಾಗಿ ಎಲ್ಲ ಮೀನುಗಳೂ ಅದರ ಮುಂದೆ ಬಂದು ಸಾಲಾಗಿ ನಿಂತವು. ಕಿತ್ತಳೆ ಬಣ್ಣದ ಕೋಡಂಗಿ ಮೀನಿನ ಜೋಡಿ ಎಳೆಎಳೆಯಾಗಿ ಅರಳುವ ತಮ್ಮ ಕಡಲಹೂವಿನ ಮನೆಯನ್ನು ಬಿಟ್ಟು ಬಂದವು. ಶಂಖಗಳನ್ನು ಕಡಲೆಬೀಜದಂತೆ ಕಡಿಯುವ, ಕೆಣಕಿದರೆ ಚೆಂಡಿನಂತೆ ಉಬ್ಬುವ ದುಂಡುಮೀನು ಡುಬ್ಬಣ್ಣ ಬಂದು ಬಾಯಿ ತೆರೆದ. ಆ ಹಲ್ಲುಗಳ ನಡುವೆ ಕ್ಲೀನರ್ ಒಳಗೆ ಹೋಯಿತು! ನೀಲಗಂಗವ್ವ ಕಣ್ಣು ಮುಚ್ಚಿಕೊಂಡಳು. ಕ್ಲೀನರ್ ಇನ್ನೊಂದು ಪಕ್ಕದ ಕಿವಿರಿನಿಂದ ಏನೂ ಆಗದ ಹಾಗೆ ಹೊರಗೆ ಬಂದಿತು. ಸಾಲಿನ ಕೊನೆಯಲ್ಲಿ ಫೌಜದಾರ. ಅವನ ಮುಂದೆ, ಒಂದು ಬೆರಳಿನ ಅಂತರದಲ್ಲಿ, ರೆಕ್ಕೆ ಬಿಚ್ಚಿ ನಿಂತ ಚಿನ್ನವ್ವ. ಅವನು ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಹಸಿರು ಬೆಳಕು ನಮ್ಮ ಮುಖದ ಮೇಲೆ ಅಲೆಯಾಡುತ್ತಿತ್ತು. ದೇವರ ಮನೆಯಲ್ಲಿ ನಿಂತಾಗಲೂ ನನಗೆ ಅಷ್ಟು ಮೌನ ಸಾಧ್ಯವಾಗಿದ್ದಿಲ್ಲ.

"ಯಪ್ಪಾ..." ಎಂದಳು ನೀಲಗಂಗವ್ವ. ಆಮೇಲೆ, "ಇಡ್ಲಿ ತಟ್ಟಿ ಇಟ್ಕೋರಿ ನೀವ," ಎಂದಳು. ಲಗ್ನವಾದ ಮೇಲೆ ಅವರಿಬ್ಬರ ನಡುವೆ ಅದಕ್ಕಿಂತ ಪ್ರೀತಿಯ ಮಾತನ್ನು ನಾನು ಕೇಳಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕತೆ ಬರೆಯುತ್ತಿರಲಿಲ್ಲ, ಮುರಿಗೆಪ್ಪ ಪತ್ರಿಕೆಯಲ್ಲಿ ಬರುತ್ತಿದ್ದ. ಆದರೆ ನಮ್ಮ ಚಾಳದ ನಳದ ವಿಷಯ ನಿಮಗೆ ಗೊತ್ತಿಲ್ಲ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕುಡಿಯುವ ನೀರು ವಾರಕ್ಕೊಮ್ಮೆ ಬರುತ್ತದೆ. ಮನಸ್ಸಿಲ್ಲದಿದ್ದರೆ ಅದೂ ಇಲ್ಲ. ಇಡೀ ಚಾಳಕ್ಕೆ ಅಂಗಳದಲ್ಲಿ ಒಂದೇ ನಳ. ಅದರ ಮುಂದೆ ಪಾಳಿ. ಮನುಷ್ಯರೇ ನಿಲ್ಲಬೇಕೆಂದಿಲ್ಲ, ಕೊಡ ಇಟ್ಟರೆ ಸಾಕು. ಕೊಡ ಇಲ್ಲವೆಂದರೆ ಇಟ್ಟಿಗೆ, ಇಟ್ಟಿಗೆ ಇಲ್ಲವೆಂದರೆ ಕಲ್ಲು, ಅದೂ ಇಲ್ಲದಿದ್ದರೆ ಚಪ್ಪಲಿ. ಇಟ್ಟ ಮೇಲೆ ಅದು ನಿಮ್ಮ ಜಾಗ. ಯಾರಾದರೂ ಅದನ್ನು ಒಂದು ಗೇಣು ಸರಿಸಿದರೆ ಮಹಾಯುದ್ಧ! ಈ ಪಾಳಿಯಲ್ಲಿ ಮೊದಲ ಕೊಡ ಯಾವತ್ತೂ ನನ್ನದು. ಇಡೀ ಜಿಲ್ಲೆಯಲ್ಲಿ ಇಂಥ ದಾಖಲೆ ಇನ್ನೊಬ್ಬನದಿಲ್ಲ. ಎರಡನೆಯದು ಮೇಲಿನ ಮನೆಯ ಕಸ್ತೂರಿಬಾಯಿ ತುಪ್ಪದ ಅವರದು. ಪಾಳಿಯ ಕಾನೂನೂ ಅವರೇ, ಕೋರ್ಟೂ ಅವರೇ. ಮೂರನೆಯದು ಡ್ರಾಯಿಂಗ್ ಮಾಸ್ತರರಾಗಿದ್ದ ಇನಾಮದಾರ ಸರ್ ಅವರದು. ಸರ್ ದಿನವಿಡೀ ಬಾಯಿ ಬಿಡುವುದಿಲ್ಲ, ನಳದ ಹತ್ತಿರ ಬಂದರೆ ಮುಚ್ಚುವುದಿಲ್ಲ.

ತೊಟ್ಟಿ ತಂದ ಹೊಸದರಲ್ಲಿ ಮುರಿಗೆಪ್ಪ ಪಾಳಿಯಲ್ಲಿ ಒಂದು ಕೊಡ ಹೆಚ್ಚಿಗೆ ಇಟ್ಟಿದ್ದ.

"ಇದ್ಯಾರ ಕೊಡ?" ಎಂದು ಕಸ್ತೂರಿಬಾಯಿ ಕೇಳಿದ್ದರು.

"ಮೀನಿಂದ್ರಿ ಬಾಯಾರ."

"ಮೀನು ನೀರಾಗ ಇರ್ತಾವ. ಅವಕ್ಕ್ಯಾಕ ಮತ್ತ ನೀರು?"

"ಅಲ್ರೀ, ಬ್ಯಾಸಗಿಗೆ ತೊಟ್ಟಿ ನೀರು ಆರತೈತಿ. ಆರೂದು ನೀರಷ್ಟ, ಉಪ್ಪು ಅಲ್ಲೇ ಉಳಿತೈತಿ. ಅದಕ್ಕ ಮ್ಯಾಲಿಂದ ಸಿಹಿನೀರ ಹಾಕಬೇಕು. ಇಲ್ಲಾಂದ್ರ..."

"ಮನಷ್ಯಾರಿಗೆ ಬಾಯಿಗೆ ನೀರಿಲ್ಲ, ಮೀನಿಗೆ ಸಿಹಿನೀರ! ನಾಳೆ ಸಕ್ಕರಿನೂ ಕೇಳ್ತಾವ! ತಗೀರಿ ಕೊಡ!"

ಕೊಡ ಹೋಯಿತು. ಅಂದಿನಿಂದ ಮುರಿಗೆಪ್ಪ ತನ್ನ ಸ್ನಾನದ ನೀರನ್ನು ಉಳಿಸಿ ತೊಟ್ಟಿಗೆ ಹಾಕುತ್ತಿದ್ದ. ಅವನ ಪಕ್ಕ ಕೂತವರಿಗೆ ಅದು ಹೇಳದೆಯೇ ತಿಳಿಯುತ್ತಿತ್ತು. ಆದರೂ ನೀರು ಸಾಲದೆ ಇಳಿಯುತ್ತ ಹೋಯಿತು. ಮೇಲಿನ ಕಲ್ಲುಗಳು ಒಣಗಿ ಹೊರಗೆ ಬಂದವು, ಮೀನುಗಳಿಗೆ ಜಾಗ ಕಡಿಮೆಯಾಯಿತು, ಫೌಜದಾರನ ದರ್ಪ ಹೆಚ್ಚಾಯಿತು. ಜಗಳದ ಬೇರು ಅಲ್ಲಿತ್ತು.

ಇನ್ನು ಸಮಾಧಾನಿಯ ಬೇರು. ಪ್ರತಿ ಯಂತ್ರಕ್ಕೂ ನೆಲಕ್ಕೆ ಒಂದು ಅರ್ಥಿಂಗ್ ತಂತಿ ಬೇಕು. ನಮ್ಮ ಚಾಳದಲ್ಲಿ ನೆಲದೊಳಗೆ ಹೋಗುವ ಕಬ್ಬಿಣ ಒಂದೇ, ನಳದ ಪೈಪು. ಮುರಿಗೆಪ್ಪ ತಂತಿಯನ್ನು ಕಿಟಕಿಯಿಂದ ಇಳಿಸಿ ಅದಕ್ಕೇ ಬಿಗಿದಿದ್ದ. ಪೈಪಿನಲ್ಲಿ ನೀರಿಲ್ಲದ ದಿನಗಳಲ್ಲಿ ಏನೂ ಆಗಲಿಲ್ಲ.

ಶನಿವಾರ ಮುಂಜಾನೆ ನೀರು ಬಂತು.

ನಳ ಬುಸ್ಸೆಂದು ಸದ್ದು ಮಾಡಿದ್ದೇ ತಡ, ಇಡೀ ಚಾಳ ಅಂಗಳಕ್ಕೆ ಧುಮುಕಿತು. ಕಸ್ತೂರಿಬಾಯಿ ಸೆರಗು ಸಿಕ್ಕಿಸಿದರು. ಇನಾಮದಾರ ಸರ್ ಗಂಟಲು ಸರಿ ಮಾಡಿಕೊಂಡರು. ನಾನು ನನ್ನ ಮೊದಲ ಕೊಡದ ಕಂಠ ಹಿಡಿದೆ. ಮೊದಲ ನೀರು ರಭಸಕ್ಕೆ ಎಲ್ಲರ ಮೇಲೂ ಚಿಮ್ಮಿತು.

ಮತ್ತು ಮೌನ.

ಯಾರೂ ನೂಕಲಿಲ್ಲ. ಯಾರೂ ಯಾರ ವಂಶವನ್ನೂ ಎತ್ತಿ ಮಾತಾಡಲಿಲ್ಲ. ಕಸ್ತೂರಿಬಾಯಿ ಎರಡು ಹೆಜ್ಜೆ ಹಿಂದೆ ಸರಿದು, "ನೀವು ಮೊದಲ ತುಂಬ್ಕೋರಿ ಸರ್," ಎಂದರು. ಇನಾಮದಾರ ಸರ್, "ಛೇ ಛೇ, ನೀವು ಮೊದಲ," ಎಂದರು. ಆಮೇಲೆ ಇಬ್ಬರೂ ಕೈಗಳನ್ನು ಪಕ್ಕಕ್ಕೆ ಮೆಲ್ಲಗೆ ಆಡಿಸುತ್ತ, ನಿಂತಲ್ಲೇ ತೇಲುವವರಂತೆ ಓಲಾಡುತ್ತ, ಬಾಯಿ ತೆರೆದುಕೊಂಡು ನಿಂತರು! ಅವರ ಹಿಂದೆ ಇಡೀ ಚಾಳ, ಬಾಯಿ ತೆರೆದುಕೊಂಡು, ಸಾಲಾಗಿ. ನೀರು ಬೀಳುವ ಸದ್ದು ಬಿಟ್ಟರೆ ಸದ್ದಿಲ್ಲ. ಮುಂಜಾನೆಯ ಬಿಸಿಲು ಆ ತೆರೆದ ಬಾಯಿಗಳ ಮೇಲೆ ಬೀಳುತ್ತಿತ್ತು. ಬೆಳ್ಳಿ ಹಲ್ಲು, ಬಂಗಾರದ ಹಲ್ಲು, ಇಲ್ಲದ ಹಲ್ಲು, ಎಲ್ಲ ಒಂದೇ ಸಮನೆ ಹೊಳೆಯುತ್ತಿದ್ದವು. ನಮ್ಮ ಅಂಗಳ ಕಡಲ ತಳವಾಗಿತ್ತು!

ನನ್ನ ಬಾಯಿ ಮಾತ್ರ ಮುಚ್ಚಿತ್ತು ಎಂದು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ನೀಲಗಂಗವ್ವ ಬೇರೆ ಹೇಳುತ್ತಾಳೆ.

ಆಗ ಕಿಟಕಿಯಿಂದ ಮುರಿಗೆಪ್ಪನ ಚೀರಾಟ ಕೇಳಿತು. "ಫಕೀರಪ್ಪಾ! ಓಡಿ ಬಾರೋ! ಮೀನು ಜಗಳ ತಗದಾವ!"

ನಾನು ಒಳಗೆ ಓಡಿದೆ. ಓಡಿದೆ ಎನ್ನುವುದಕ್ಕಿಂತ, ಸ್ವಲ್ಪ ತೇಲಿದೆ. ತಂತಿಯಲ್ಲಿ ಮೀನಿನ ಗುಣ ಕೆಳಗೆ ಇಳಿದಿದ್ದರೆ, ನಳದ ಗುಣ ಮೇಲೆ ಹತ್ತಿತ್ತು! ಕ್ಲೀನರ್‌ನ ಕಲ್ಲಿನಿಂದ ತೊಟ್ಟಿಯ ಕೊನೆಯವರೆಗೆ, ಮರಳಿನ ಮೇಲೆ, ಶಂಖಗಳೂ ಕವಡೆಗಳೂ ಉಂಡೆಕಲ್ಲುಗಳೂ ನೂಲು ಹಿಡಿದ ಹಾಗೆ ಒಂದರ ಹಿಂದೊಂದು ಸಾಲಾಗಿ ಕೂತಿದ್ದವು. ಮೀನುಗಳು ಪಾಳಿ ಹಚ್ಚಿದ್ದವು! ಕೋಡಂಗಿ ಮೀನಿನ ಗಂಡು ಬಾಯಲ್ಲಿ ಒಂದು ಕವಡೆ ಕಚ್ಚಿಕೊಂಡು ಬಂದು ಸಾಲಿನಲ್ಲಿಟ್ಟು, ಅದು ನೆಟ್ಟಗಿದೆಯೇ ಎಂದು ಸುತ್ತು ಹಾಕಿ ನೋಡಿ ಹೋಯಿತು. ಅದು ಹೋದದ್ದೇ ತಡ, ಡುಬ್ಬಣ್ಣ ಬಂದು ಆ ಕವಡೆಯನ್ನು ಮೂತಿಯಿಂದ ಹಿಂದಕ್ಕೆ ತಳ್ಳಿ ಮುಂದೆ ತನ್ನ ಕಲ್ಲನ್ನಿಟ್ಟ. ಹೆಣ್ಣು ಕೋಡಂಗಿ ಬಂದು ಅವನ ಕೆನ್ನೆಗೆ ಬಾಲದಿಂದ ಎರಡು ಬಾರಿಸಿದಳು.

"ಇದು ಕಸ್ತೂರಿಬಾಯಿ ಕೈ," ಎಂದೆ ನಾನು.

ಫೌಜದಾರನದು ಬೇರೆಯೇ ಕತೆ. ಅವನು ಒಂದಲ್ಲ, ಐದಾರು ಶಂಖಗಳನ್ನು ಸಾಲಿನ ಮುಂಭಾಗದಲ್ಲಿ ಹಾಕಿಕೊಂಡಿದ್ದ! ಹಿಂದಿನ ವಾರ ನಾನೇ ಅದೇ ರೀತಿ ನೆಂಟರ ಹೆಸರಿನಲ್ಲಿ ಕೊಡ ಇಟ್ಟಿದ್ದೆ, ಆದರೆ ನಾನು ಅದನ್ನು ಇಷ್ಟು ಚಂದವಾಗಿ ಮಾಡಿರಲಿಲ್ಲ. ಸಾಲಿನ ಕೊನೆಯಲ್ಲಿ ಚಿನ್ನವ್ವ ಒಂದು ಸಣ್ಣ ಕವಡೆಯ ಹಿಂದೆ ನಡುಗುತ್ತಿದ್ದಳು.

"ಆರಿಸ್ರಿ ಅದನ್ನ!" ಎಂದು ನೀಲಗಂಗವ್ವ ಕೂಗಿದಳು.

"ಈಗ ಆರಿಸಿದ್ರ ಯಾರ ಗುಣ ಎಲ್ಲೈತೋ ಅಲ್ಲೇ ಗಟ್ಟಿ ಆಗತೈತಿ!" ಎಂದು ಮುರಿಗೆಪ್ಪ ಕೂದಲು ಕಿತ್ತುಕೊಂಡ. "ಕೆಳಗ ಮಂದಿಯೆಲ್ಲಾ ಸಾಯೂತನಕಾ ಬಾಯಿ ತಕ್ಕೊಂಡ ನಿಲ್ತಾರ! ಮೊದಲ ಎಲ್ಲಾ ವಾಪಸ್ ತಿರುಗಿಸಬೇಕು, ಆಮ್ಯಾಲ ಆರಿಸಬೇಕು!"

"ತಿರುಗಸ್ರಿ ಮತ್ತ! ನನ್ನ ಮಾರಿ ಏನ್ ನೋಡ್ತೀರಿ?"

ಅವನು ತಿರುಗಿಸಿದ. ಗಡಿಬಿಡಿಯಲ್ಲಿ ಗುಂಡಿ ಕೈಗೇ ಕಿತ್ತು ಬಂತು! ಮುಳ್ಳು ಕ್ಲೀನರ್‌ನ ಚಿತ್ರ ಬಿಟ್ಟು ಸರ್ರನೆ ಸುತ್ತಿ ಫೌಜದಾರನ ಚಿತ್ರದ ಮೇಲೆ ಹೋಗಿ ನಿಂತಿತು.

ಅಂಗಳದಿಂದ ದಡಾರೆಂದು ಕೊಡ ಬಿದ್ದ ಸದ್ದು. ಕಿಟಕಿಯಿಂದ ಬಗ್ಗಿ ನೋಡಿದರೆ ಕಸ್ತೂರಿಬಾಯಿ ನಳದ ಸುತ್ತ ಗಿರಗಿರ ತಿರುಗುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ತಲೆ ತಗ್ಗಿಸಿ ಬಾಣದಂತೆ ನುಗ್ಗುತ್ತಿದ್ದರು, ಅವರು ಓಡಿದೊಡನೆ ಹಿಂದಿರುಗಿ ಮತ್ತೆ ಸುತ್ತು. ಇನಾಮದಾರ ಸರ್ ತಮ್ಮದೇ ಸ್ಕೂಟರಿನ ಕನ್ನಡಿಯಲ್ಲಿ ತಮ್ಮನ್ನೇ ಕಂಡು, "ಯಾರಲೇ ನೀ? ನನ್ನ ಜಾಗಾದಾಗ ಏನ್ ಕೆಲಸ ನಿಂದು?" ಎಂದು ಅದಕ್ಕೆ ಹಣೆ ಕುಟ್ಟುತ್ತಿದ್ದರು. ಕನ್ನಡಿಯಲ್ಲಿದ್ದವನೂ ಹಿಂದೆ ಸರಿಯುವ ಪೈಕಿ ಅಲ್ಲ!

ಮುರಿಗೆಪ್ಪ ಇಕ್ಕಳ ಹಾಕಿ ಮುಳ್ಳನ್ನು ಎಳೆದ. ಅದು ಡುಬ್ಬಣ್ಣನ ಮೇಲೆ ಹೋಯಿತು. ಇನಾಮದಾರ ಸರ್ ಕೆನ್ನೆ ಉಬ್ಬಿಸಿದರು, ಹೊಟ್ಟೆ ಉಬ್ಬಿಸಿದರು, ಅಂಗಿಯ ಗುಂಡಿಗಳು ಪಟಪಟನೆ ಹಾರಿ ಒಂದು ನಮ್ಮ ಕಿಟಕಿಯ ಗಾಜಿಗೆ ಬಂದು ಬಡಿಯಿತು. ಇನ್ನೊಮ್ಮೆ ಎಳೆದ. ಮುಳ್ಳು ಕೋಡಂಗಿ ಮೀನಿನ ಮೇಲೆ ಹೋಯಿತು. ಕೋಡಂಗಿ ಮೀನು ಕಡಲಹೂವಿನ ಎಳೆಗಳಿಗೆ ಮೈ ಉಜ್ಜುತ್ತ ಬದುಕುವ ಪ್ರಾಣಿ. ಆ ಹೊತ್ತಿನಲ್ಲಿ ನಾನು ಮುರಿಗೆಪ್ಪನ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದ ಮಣಿಯ ಪರದೆಯೊಳಗೆ ತಲೆ ತೂರಿಸಿದ್ದೆ. ಮಣಿಗಳ ಗುಣಮಟ್ಟ ಪರೀಕ್ಷಿಸುತ್ತಿದ್ದೆ.

"ಫಕೀರಪ್ಪಣ್ಣಾ, ಪರದಿ ಹರೀತೈತಿ! ಮೈ ತಿಕ್ಕೂದು ಬಿಡ್ರಿ!" ಎಂದು ನೀಲಗಂಗವ್ವ ಬೈದಳು.

ಆ ಗಳಿಗೆಯಲ್ಲಿ ತೊಟ್ಟಿಯೊಳಗೆ ಫೌಜದಾರ ಸಾಲಿನ ಕೊನೆಯ ಸಣ್ಣ ಕವಡೆಯನ್ನು ಕಂಡ. ಅದೂ ತನ್ನದೇ ಎಂದು ನಿರ್ಧರಿಸಿದ. ಬಾಣ ಬಿಟ್ಟಂತೆ ಹೋದ. ಚಿನ್ನವ್ವ ಮೂಲೆಗೆ ಓಡಿದಳು, ಅಲ್ಲಿ ಡುಬ್ಬಣ್ಣನ ಕಲ್ಲು. ಬಿಲಕ್ಕೆ ಓಡಿದಳು, ಅದರ ಬಾಯಿಗೆ ಫೌಜದಾರನ ಶಂಖ. ಎಲ್ಲ ಜಾಗವೂ ಯಾರದೋ ಜಾಗ! ಉಳಿದ ದಾರಿ ಒಂದೇ. ಬಿಳಿ-ಕೆಂಪು ಮಿಂಚೊಂದು ನೀರಿನಿಂದ ಮೇಲಕ್ಕೆ ನೆಗೆಯಿತು, ಇಡ್ಲಿ ತಟ್ಟೆಯ ತಂತಿ ದಾಟಿತು, ಗಾಜು ದಾಟಿತು, ಟಪ್ಪೆಂದು ನೆಲದ ಮೇಲೆ ಬಿತ್ತು.

ನೆಲದ ಮೇಲೆ ಚಿನ್ನವ್ವ ಒಮ್ಮೆ ಹೊರಳಿದಳು, ಕಿವಿರು ತೆರೆದಳು, ಮತ್ತೆ ಹೊರಳಿದಳು.

"ನೀರು! ನೀರು!" ಎನ್ನುತ್ತ ನಾನು ಆಗಷ್ಟೇ ತುಂಬಿದ ಕೊಡ ತರಲು ಧಾವಿಸಿದೆ.

"ಅದು ಸಿಹಿನೀರೋ! ಉಪ್ಪಿಲ್ಲದ ನೀರಿಗೆ ಹಾಕಿದ್ರ ಅಲ್ಲೇ ಸಾಯತೈತಿ!" ಎಂದು ಮುರಿಗೆಪ್ಪ ಅಡ್ಡ ನಿಂತ. ವಾರವಿಡೀ ಒಂದು ಕೊಡ ನೀರಿಗಾಗಿ ಹೊಡೆದಾಡುವವರ ಮನೆಯಲ್ಲಿ, ಅಷ್ಟು ನೀರಿನ ನಡುವೆ, ಒಂದು ಬೊಗಸೆ ನೀರು ಸಿಗಲಿಲ್ಲ!

ನೀಲಗಂಗವ್ವ ಇಬ್ಬರ ಮಾತನ್ನೂ ಕೇಳಲಿಲ್ಲ. ತಂಬಿಗೆಯನ್ನು ತೊಟ್ಟಿಯಲ್ಲಿ ಅದ್ದಿ ಉಪ್ಪುನೀರು ತುಂಬಿ, ಬರಿಗೈಯಲ್ಲಿ, ಮೂಗಿಗೆ ಸೆರಗಿಲ್ಲದೆ, ಚಿನ್ನವ್ವನನ್ನು ಎತ್ತಿ ಅದರಲ್ಲಿ ಬಿಟ್ಟಳು. ಮೂವರೂ ಬಗ್ಗಿ ನೋಡಿದೆವು. ತಂಬಿಗೆಯ ತಳದಲ್ಲಿ ಕೆಂಪು ಬಾಲ ಅಲುಗಿತು.

"ಜೀವ ಐತಿ," ಎಂದ ಮುರಿಗೆಪ್ಪ. ಅವನ ಧ್ವನಿ ಮೊದಲ ಸಲ ಸಣ್ಣದಾಗಿತ್ತು. "ಆದ್ರ ತಂಬಿಗ್ಯಾಗ ಭಾಳ ಹೊತ್ತು ಇರಂಗಿಲ್ಲ. ತೊಟ್ಟಿಗೆ ಬಿಟ್ಟ್ರ ಅಂವ ಬಿಡಂಗಿಲ್ಲ. ನೀಲಾ, ನಾ ತೊಟ್ಟಿನ ತಗೀತೇನಿ. ಎಲ್ಲಾ ಮೀನ ವಾಪಸ್ ಕೊಟ್ಟ ಬರ್ತೇನಿ."

ಹೀಗೆ ಹೇಳುವಾಗ ಅವನು ತೊಟ್ಟಿಯ ಕಡೆ ನೋಡಲಿಲ್ಲ.

ನೀಲಗಂಗವ್ವ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು. ಬಳೆ ಮೇಲಕ್ಕೆ ಸರಿಸಿದಳು. ಎರಡೂ ಕೈಗಳನ್ನು ಭುಜದವರೆಗೆ ತೊಟ್ಟಿಯಲ್ಲಿ ಮುಳುಗಿಸಿದಳು. ಆ ನೀರಿನಲ್ಲಿ ಅದಾಗಲೇ ಇಡೀ ನಳದ ಕೋಪ ಕರಗಿತ್ತು. ಅದು ಆಕೆಯ ಕೈಯಿಂದ ಏರಿ ಕಣ್ಣಿಗೆ ಬಂದದ್ದನ್ನು ನಾನೇ ಕಂಡೆ!

"ಒಬ್ಬಾಂವ ಐದ ಕೊಡಾ ಇಟ್ಟ್ರ ಏನ್ ಮಾಡ್ತೀವಿ ನಾವು?" ಎಂದು ಆಕೆ ಗುಡುಗಿದಳು. "ಎಲ್ಲಾರ ಕೊಡಾನೂ ತಗದ ಒಗೀತೀವಿ! ಎಲ್ಲಾರೂ ಹೊಸದಾಗಿ ಪಾಳಿ ಹಚ್ರಿ!"

ಇದು ನಮ್ಮ ಚಾಳದ ಕೊನೆಯ ಅಸ್ತ್ರ. ಯಾರಾದರೂ ಪಾಳಿಯನ್ನೇ ನುಂಗಿದಾಗ, ಕೊಡ, ಇಟ್ಟಿಗೆ, ಚಪ್ಪಲಿ ಎಲ್ಲವನ್ನೂ ಎತ್ತಿ ರಾಶಿ ಹಾಕಿ ಮೊದಲಿನಿಂದ ಶುರು ಮಾಡುವುದು. ಆಕೆ ಶಂಖಗಳನ್ನು ಬಾಚಿ ರಾಶಿ ಹಾಕಿದಳು. ಆಮೇಲೆ ಕಲ್ಲುಗಳು. ಫೌಜದಾರನ ಕಲ್ಲನ್ನು ತಲೆಕೆಳಗು ಮಾಡಿದಳು, ಬಿಲವನ್ನು ಆ ಮೂಲೆಯಿಂದ ಈ ಮೂಲೆಗೆ ತಂದಳು, ಗುಡ್ಡವನ್ನು ಕಣಿವೆ ಮಾಡಿದಳು. ಕಡಲಹೂವಿನ ಕಲ್ಲೊಂದನ್ನು ಮಾತ್ರ ಮುಟ್ಟಲಿಲ್ಲ. ಫೌಜದಾರ ಬಂದು ಆಕೆಯ ಬೆರಳು ಕಚ್ಚಿದ.

"ಕಚ್ಚು! ಕಸ್ತೂರಿಬಾಯಿನ್ನ ನೋಡಿದಾಕಿ ನಾನು, ನೀ ಎಷ್ಟರಾಂವ?"

ನೀರು ತಿಳಿಯಾದಾಗ ತೊಟ್ಟಿಯೊಳಗೆ ಬೇರೊಂದು ದೇಶವಿತ್ತು. ಫೌಜದಾರ ನಡುವೆ ನಿಂತು ಆಚೆ ನೋಡಿದ, ಈಚೆ ನೋಡಿದ. ತನ್ನ ಕಲ್ಲು ಯಾವುದು? ತನ್ನ ಗಡಿ ಎಲ್ಲಿ? ಕಾಯುವುದಕ್ಕೆ ಏನೂ ಇಲ್ಲದ ಕಾವಲುಗಾರನಷ್ಟು ಮೆತ್ತಗಿನ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ಅವನು ಹೊಸಬನಂತೆ ಒಂದು ಮೂಲೆಗೆ ಹೋಗಿ ನಿಂತ.

"ಈಗ ಮೊದಲನೇ ಪಾಳಿ ಇಕೀದು," ಎಂದು ನೀಲಗಂಗವ್ವ ತಂಬಿಗೆಯನ್ನು ಮೆಲ್ಲಗೆ ಬಗ್ಗಿಸಿದಳು. ಚಿನ್ನವ್ವ ಇಳಿದಳು. ಹೊಸ ಬಿಲದ ಬಾಯಿಗೆ ಹೋಗಿ ಧ್ವಜ ಎತ್ತಿದಳು. ಫೌಜದಾರ ನೋಡಿದ. ನೋಡಿ ಸುಮ್ಮನಾದ.

ಮುರಿಗೆಪ್ಪ ಇಕ್ಕಳದಿಂದ ಮುಳ್ಳನ್ನು ಕ್ಲೀನರ್‌ನ ಚಿತ್ರದ ಮೇಲೆ ತಂದು ನಿಲ್ಲಿಸಿದ. "ಇನ್ನ ಸಾವಕಾಶ ಒಬ್ಬೊಬ್ಬರನ್ನ ಹಿಂದ ತರೋಣು..." ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು.

ಸಮಾಧಾನಿ ಒಮ್ಮೆ ಕೆಮ್ಮಿ, ಮಿಕ್ಸರಿನ ತಲೆಯಿಂದ ಹೊಗೆಯುಗುಳಿ, ಶಾಶ್ವತ ಸಮಾಧಾನ ಪಡೆಯಿತು. ಯಾರ ಗುಣ ಎಲ್ಲಿತ್ತೋ ಅಲ್ಲೇ ಗಟ್ಟಿಯಾಯಿತು.

ಈಗ ನಮ್ಮ ಚಾಳ ನೋಡಲು ಜನ ಗದಗಿನಿಂದಲೂ ಬರುತ್ತಾರೆ. ನಳ ಬುಸ್ಸೆಂದರೆ ಸಾಕು, ನಾವೆಲ್ಲ ಬಾಯಿ ತೆರೆದು, ಸಾಲಾಗಿ, ಮೆಲ್ಲಗೆ ಓಲಾಡುತ್ತ ನಿಲ್ಲುತ್ತೇವೆ. ಜಗಳವಿಲ್ಲ. ಪಕ್ಕದ ಓಣಿಯ ದಂತವೈದ್ಯರೊಬ್ಬರು ಶನಿವಾರ ತಪ್ಪದೆ ಬಂದು ಸಾಲನ್ನು ಒಂದು ಸುತ್ತು ನೋಡಿಕೊಂಡು ಹೋಗುತ್ತಾರೆ. ತೊಟ್ಟಿಯಲ್ಲಿ ಮೀನುಗಳು ತಮ್ಮ ಶಂಖ ಕವಡೆಗಳ ಪಾಳಿ ಬಿಟ್ಟಿಲ್ಲ, ಆದರೆ ತಲೆಗೆ ಒಂದೇ ಎಂಬ ಕಾನೂನು ಜಾರಿಯಾಗಿದೆ. ಚಿನ್ನವ್ವ ಬಿಲದ ಹೊರಗೇ ಇರುತ್ತಾಳೆ. ಫೌಜದಾರ ಅವಳ ಹಿಂದೆ ಒಂದು ಕವಡೆ ಬಿಟ್ಟು ನಿಲ್ಲುತ್ತಾನೆ. ನೀಲಗಂಗವ್ವ ಹೊಸ ಇಡ್ಲಿ ತಟ್ಟೆ ಕೊಂಡಿದ್ದಾಳೆ.

ಸಮಾಧಾನಿ ಸುಟ್ಟ ಆ ವಾರ ನೀರಿನ ಪ್ರಶ್ನೆ ಮಾತ್ರ ಹಾಗೇ ಇತ್ತು. ತೊಟ್ಟಿಯ ನೀರು ಇಳಿಯುತ್ತಲೇ ಇತ್ತು, ಮುರಿಗೆಪ್ಪ ಸ್ನಾನ ಬಿಡುತ್ತಲೇ ಇದ್ದ, ಮತ್ತು ಮೀನಿಗೆ ಕೊಡವಿಲ್ಲ ಎಂಬ ಕಸ್ತೂರಿಬಾಯಿಯ ತೀರ್ಪು ನಿಂತೇ ಇತ್ತು.

ಮುಂದಿನ ಶನಿವಾರ ಮುಂಜಾನೆ ನಾನು ನನ್ನ ಮೊದಲ ಕೊಡ ಇಡಲು ಅಂಗಳಕ್ಕೆ ಹೋದೆ. ನಳದ ಕೆಳಗೆ, ಎಲ್ಲರಿಗಿಂತ ಮುಂದೆ, ಒಂದು ಶಂಖವಿತ್ತು. ಒದ್ದೆಯಾಗಿತ್ತು. ಉಪ್ಪಿನ ವಾಸನೆಯಿತ್ತು.

"ನೀ ಇಟ್ಟೀ?" ಎಂದು ಮುರಿಗೆಪ್ಪನನ್ನು ಕೇಳಿದೆ. ಇಲ್ಲ. "ನೀವರ ಇಟ್ಟೀರಿ?" ಎಂದು ನೀಲಗಂಗವ್ವನನ್ನು ಕೇಳಿದೆ. ಚಿನ್ನವ್ವನ ಆಣೆ, ಇಲ್ಲ. ಅಷ್ಟರಲ್ಲಿ ಶಂಖ ಒಂದು ಗೇಣು ಮುಂದೆ ಸರಿಯಿತು!

ಅದಕ್ಕೆ ಕಾಲಿದ್ದವು. ತೊಟ್ಟಿಯಲ್ಲಿ ಖಾಲಿ ಶಂಖದೊಳಗೆ ಮನೆ ಮಾಡಿಕೊಂಡಿದ್ದ ಒಂದು ಸನ್ಯಾಸಿ ಏಡಿ, ಕಿಟಕಿಯ ತಂತಿಯಗುಂಟ ಇಳಿದು, ಅಂಗಳ ದಾಟಿ, ಮೀನುಗಳೆಲ್ಲರ ಪರವಾಗಿ ಪಾಳಿಗೆ ಬಂದು ಕೂತಿತ್ತು. ಇಡೀ ಚಾಳ ಸುತ್ತ ನೆರೆಯಿತು. ಏಡಿ ಎರಡು ಕಣ್ಣುಗಳನ್ನು ಎತ್ತಿ ನಮ್ಮನ್ನೆಲ್ಲ ನೋಡಿ, ಮತ್ತೆ ನಳದ ಕಡೆ ತಿರುಗಿತು. ಸಮುದ್ರವೇ ಎದ್ದು ಬಂದು ನಮ್ಮ ನಳದ ಮುಂದೆ ಪಾಳಿ ಹಚ್ಚಿದ ಹಾಗಿತ್ತು!

ಕಸ್ತೂರಿಬಾಯಿ ಬಗ್ಗಿ ಅದನ್ನು ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ತೀರ್ಪು ಕೊಟ್ಟರು.

"ಪಾಳಿ ಅಂದ್ರ ಪಾಳಿ. ಮುರಿಗೆಪ್ಪಾ, ಕೊಡಾ ತಗೊಂಬಾ. ಆದ್ರ ಒಂದ ಕೊಡಾ. ಸಕ್ಕರಿ ಇಲ್ಲ!"

ಮುರಿಗೆಪ್ಪ ಕೊಡ ತರಲು ಓಡಿದ ರಭಸಕ್ಕೆ ಅವನ ಒಂದು ಚಪ್ಪಲಿ ಪಾಳಿಯಲ್ಲಿ ಉಳಿಯಿತು. ಕಾನೂನಿನ ಪ್ರಕಾರ ಅದಕ್ಕೂ ಒಂದು ಕೊಡ ಸಿಕ್ಕಿತು. ಅವನು ಅಂದು ಸ್ನಾನ ಮಾಡಿದ.

ಅಂದಿನಿಂದ ಪಾಳಿಯಲ್ಲಿ ನನ್ನ ಕೊಡ ಎರಡನೆಯದು. ಇದರಲ್ಲಿ ನನಗೇನೂ ಅವಮಾನವಿಲ್ಲ. ಅದಕ್ಕೆ ಹತ್ತು ಕಾಲು, ನನಗೆ ಎರಡೇ.